ಆ ಸಾಲಿ ಹೆಡ್ ಮಾಸ್ತರು ಹೆಂಗದಾರ್ರಿ?

ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್ ಹತ್ತಿರ ಬಂತೆಂದರೆ ನನ್ನ ಫೋನಿಗೆ ಇದೊಂದೇ ಪ್ರಶ್ನೆ. ಜೂನ್‌ನಲ್ಲಿ ಪಾಲಕರೂ ಇದನ್ನೇ ಕೇಳುತ್ತಾರೆ. ಗದಗ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 21 ವರ್ಷ ಕಳೆದಿದ್ದೇನೆ, 5 ಜನ ಮುಖ್ಯ ಶಿಕ್ಷಕರನ್ನು ನೋಡಿದ್ದೇನೆ. ಹಾಗಾಗಿ ನನಗೆ ಗೊತ್ತಿರುತ್ತೆ ಅಂತ ಅವರ ನಂಬಿಕೆ.

ನಾನು ಹೇಳುವುದಿಷ್ಟೇ: ಕಪಾಟಿನ ಕೀಲಿಕೈ ಯಾರ ಹತ್ತಿರ ಇರುತ್ತೆ, ನೋಡಿಕೊಂಡು ಬನ್ನಿ.

ನಗಬೇಡಿ. ನನ್ನ ಮೊದಲ ಶಾಲೆಯಲ್ಲಿ ಕಥೆ ಪುಸ್ತಕ, ಗ್ಲೋಬು, ವಿಜ್ಞಾನದ ಕಿಟ್ ಎಲ್ಲ ಇದ್ದವು. ಕಪಾಟಿನೊಳಗೆ. ಗ್ಲೋಬಿನ ಮೇಲಿನ ಪ್ಲಾಸ್ಟಿಕ್ ಕೂಡ ಯಾರೂ ತೆಗೆದಿರಲಿಲ್ಲ. ಕೇಳಿದರೆ, "ಕಳದ್ರ ಯಾರು ಕಟ್ಟಿ ಕೊಡೋರು, ನೀವೇನು?" ಅನ್ನುತ್ತಿದ್ದರು ಹೆಡ್ ಮಾಸ್ತರು. ಕೆಟ್ಟವರಲ್ಲ ಅವರು. ನಿವೃತ್ತಿ ಹತ್ತಿರ ಬಂದಿತ್ತು. ಚಾರ್ಜ್ ಒಪ್ಪಿಸುವಾಗ ಡೆಡ್ ಸ್ಟಾಕ್ ರಿಜಿಸ್ಟರಿನ, ಅಂದರೆ ಶಾಲೆಯ ಸಾಮಾನು ಬರೆದಿಡುವ ಪುಸ್ತಕದ, ಒಂದೊಂದು ಸಾಮಾನೂ ಲೆಕ್ಕಕ್ಕೆ ಸಿಗಬೇಕು. ಹೆದರಿಕೆ ಇರುತ್ತೆ ಅಲ್ವಾ. ನಾನಂತೂ ಆ ವರ್ಷ ಚೆಂಡು ಹಿಡಿದೇ ಭೂಮಿಯ ಪಾಠ ಮಾಡಿದೆ.

ಆಮೇಲೆ ರೋಣದ ಕಡೆ ಒಂದು ಶಾಲೆ. ಅಲ್ಲಿ ಹೆಡ್ ಅಕ್ಕೋರು ಬಂದ ವಾರದಲ್ಲೇ ಪುಸ್ತಕದ ಕಪಾಟಿನ ಕೀಲಿಕೈಯನ್ನು ಆರನೇ ತರಗತಿಯ ಹುಡುಗಿಯೊಬ್ಬಳ ಕೈಗೆ ಕೊಟ್ಟರು. ಅವಳು ಅದನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಯಾರು ಯಾವ ಪುಸ್ತಕ ಒಯ್ದರು, ಯಾವಾಗ ತಂದರು, ಎಲ್ಲ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ವರ್ಷದ ಕೊನೆಗೆ 4 ಪುಸ್ತಕ ಕಡಿಮೆ. ಒಂದನ್ನು ಎಮ್ಮೆ ತಿಂದಿತ್ತು, ಅದನ್ನೂ ಬರೆದಿದ್ದಳು. ತಪಾಸಣೆಗೆ ಬಂದವರು ಹುಬ್ಬೇರಿಸಿದರು. ಅಕ್ಕೋರು ನೋಟ್‌ಬುಕ್ ಮುಂದಿಟ್ಟು, "ಓದಾಕ ಕೊಟ್ಟೀನ್ರಿ. ಕಡಿಮಿ ಬಿದ್ದದ್ದು ನನ್ನ ಹೆಸರಿಗೆ ಬರಕೊಳ್ರಿ" ಅಂದರು. ಹುಡುಗಿಯ ಹೆಸರೆತ್ತಲಿಲ್ಲ. ಮರುದಿನದಿಂದ ನಾನೂ ವಿಜ್ಞಾನದ ಕಿಟ್ ಹೊರಗೆ ತೆಗೆದೆ.

ಹಾಗಂತ ಅವರು ಬಲು ಮೃದು ಅಂದುಕೊಳ್ಳಬೇಡಿ. ಸಿಟ್ಟು ಜಾಸ್ತಿ. ತಡವಾಗಿ ಹೋದರೆ ಎಲ್ಲರೆದುರೇ ಬೈಯುತ್ತಿದ್ದರು, ನನಗೂ ಬಿದ್ದಿದೆ. ಅದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅದರ ಸಭೆಯದೂ ಹೇಳಬೇಕು. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆದರೆ ಸಭೆ ಹಗಲು ಹನ್ನೊಂದಕ್ಕೆ. ಆಗ ಅವರೆಲ್ಲ ಹೊಲದಲ್ಲಿ. ಸಹಿ ಮಾತ್ರ ಮನೆಗೆ ಹೋಗಿ ತರುತ್ತಿದ್ದೆವು. ಅಕ್ಕೋರು ಸಭೆಯನ್ನು ಸಂಜೆ ಏಳಕ್ಕೆ, ಹನುಮಪ್ಪನ ಗುಡಿ ಕಟ್ಟೆಗೆ ಹಾಕಿದರು. ಹೆಸರುಕಾಳು ಬಿಡಿಸುವ ಕಾಲದಲ್ಲಿ ದೊಡ್ಡ ಹುಡುಗಿಯರು ಶಾಲೆ ಬಿಡುವುದು ಯಾಕೆಂದು ತಾಯಂದಿರ ಬಾಯಿಂದ ಅಲ್ಲೇ ಗೊತ್ತಾಗಿದ್ದು. ಹೊಲದ ಕೆಲಸಕ್ಕಲ್ಲ, ಮನೆಯಲ್ಲಿ ಸಣ್ಣ ಕೂಸು ನೋಡಿಕೊಳ್ಳಲು. "ಕೂಸನ್ನೂ ಕರಕೊಂಡ ಬರಲಿ" ಅಂದರು ಅಕ್ಕೋರು. ಆ ಆಗಸ್ಟ್‌ನಲ್ಲಿ ನನ್ನ ತರಗತಿಯ ಮೂಲೆಯಲ್ಲಿ ಚಾಪೆ ಮೇಲೆ ಎರಡು ಕೂಸು ಮಲಗಿರುತ್ತಿದ್ದವು.

ಇನ್ನು ಪಾಠ. ಸಣ್ಣ ಶಾಲೆಗಳಲ್ಲಿ ಹೆಡ್ ಮಾಸ್ತರೂ ಪಾಠ ಮಾಡಲೇಬೇಕು, ಬೇರೆ ದಾರಿಯಿಲ್ಲ. ಆದರೆ ಸ್ಯಾಟ್ಸ್ ಎಂಟ್ರಿ (ಮಕ್ಕಳ ಮಾಹಿತಿಯನ್ನು ಆನ್‌ಲೈನಿನಲ್ಲಿ ತುಂಬುವುದು), ಬಿಸಿಯೂಟದ ಲೆಕ್ಕ ಅಂತ ಆ ತಾಸೇ ಮೊದಲು ಹೋಗುತ್ತೆ. ಅಕ್ಕೋರು ಪ್ರಾರ್ಥನೆ ಮುಗಿದ ಕೂಡಲೇ ನಾಲ್ಕನೇ ತರಗತಿಗೆ ಗಣಿತ ಮಾಡಿಯೇ ಆಫೀಸಿಗೆ ಹೋಗುತ್ತಿದ್ದರು.

ಮೊನ್ನೆ ಒಬ್ಬರು ನನ್ನ ಮಾತು ಕೇಳಿ ಶಾಲೆ ನೋಡಿಕೊಂಡು ಬಂದರು. "ಆ ಕಪಾಟಿಗೆ ಬಾಗಿಲಾನ ಇಲ್ರಿ ಸರ" ಅಂದರು. ಒಳಗೆ ಪುಸ್ತಕ ಇದ್ದವೇನು ಅಂತ ಕೇಳಿದೆ. ಅದನ್ನು ನೋಡಲು ಮರೆತಿದ್ದರಂತೆ.