ಪ್ರವಾಸಿಗರು ಬರಲಿ, ಕಾರು ಊರಾಚೆ ನಿಲ್ಲಲಿ

ಡಿಸೆಂಬರ್ 28, 2025, ಭಾನುವಾರ
ಇಟ್ಟಿಗೆಗೂಡು, ಮೈಸೂರು

ಬೆಳಿಗ್ಗೆ ಒಂಬತ್ತಕ್ಕೇ ಮೃಗಾಲಯದ ಪಾರ್ಕಿಂಗ್ ತುಂಬಿತ್ತು. ಜಾಗ ಸಿಗದ ಕಾರುಗಳು ನಮ್ಮ ಅಡ್ಡರಸ್ತೆಗಳಲ್ಲಿ ಸುತ್ತು ಹಾಕುತ್ತಿದ್ದವು. ಪ್ರವಾಸದ ಬಸ್ಸುಗಳು ಎಂಜಿನ್ ಆರಿಸದೆ ಸಾಲಾಗಿ ನಿಂತಿದ್ದವು. ಅಮ್ಮನಿಗೆ ಉಬ್ಬಸ. ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಇಲ್ಲಿ ಪ್ರತಿ ವರ್ಷ ಹೀಗೇ.

ಚಳಿಗಾಲದಲ್ಲಿ ಇದು ಇನ್ನೂ ಜಾಸ್ತಿ ಕಾಡುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ಅಂಟಿದ ಗಾಳಿ ತಂಪಾಗಿ ಭಾರವಾಗುತ್ತದೆ, ಅದರ ಮೇಲೆ ಬೆಚ್ಚನೆ ಗಾಳಿ ಕೂರುತ್ತದೆ. ಬಿಸಿಲು ಏರುವ ತನಕ ಹೊಗೆ, ಧೂಳು ಮೇಲೇಳುವುದೇ ಇಲ್ಲ. ದಸರಾ ಹೊತ್ತಿಗಾದರೆ ಆಗಾಗ ಒಂದು ಮಳೆ ಬಿದ್ದು ಧೂಳು ಅಡಗುತ್ತದೆ. ಡಿಸೆಂಬರ್‌ನಲ್ಲಿ ಆ ಭಾಗ್ಯವೂ ಇಲ್ಲ.

ಹೊಸ ಗಾಡಿಗಳು ಹೊಗೆ ಕಮ್ಮಿ ಬಿಡುತ್ತವೆ, ನಿಜ. 2020ರ ಏಪ್ರಿಲ್‌ನಿಂದ ಗಾಡಿ ಹೊಗೆಗೆ ಬಿಗಿ ಮಿತಿ ಹಾಕುವ ಬಿಎಸ್-6 ನಿಯಮ ಬಂದಿದೆ. ಆದರೆ ಬ್ರೇಕ್ ಸವೆದ ಪುಡಿ, ಟೈರಿನ ಪುಡಿ, ಚಕ್ರಕ್ಕೆ ಸಿಕ್ಕಿ ಏಳುವ ರಸ್ತೆ ಧೂಳು ಎಲ್ಲಿಗೆ ಹೋಗಬೇಕು? ಎಲೆಕ್ಟ್ರಿಕ್ ಕಾರೂ ಟೈರು ಸವೆಸುತ್ತದೆ, ಧೂಳೆಬ್ಬಿಸುತ್ತದೆ. ರಜೆ ದಿನ ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಸಾಲುಗಟ್ಟಿ ಇಳಿಯುವ ಗಾಡಿಗಳ ಬ್ರೇಕ್ ವಾಸನೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರಗಳು ಪ್ರವಾಸೋದ್ಯಮಕ್ಕೆ ಕೈತುಂಬ ನೆರವು ಕೊಡುತ್ತಿವೆ. ಪ್ರವಾಸಿ ತಾಣಗಳನ್ನು ಬೆಳೆಸುವ ಕೇಂದ್ರದ ಸ್ವದೇಶ ದರ್ಶನ 2.0 ಯೋಜನೆಯಲ್ಲಿ ಹಂಪಿಯ ಜೊತೆ ಮೈಸೂರೂ ಇದೆ. ತೀರ್ಥಕ್ಷೇತ್ರಗಳಿಗೆ ಅಂತಲೇ ಇರುವ ಕೇಂದ್ರದ ಪ್ರಸಾದ್ ಯೋಜನೆಯಲ್ಲಿ ಚಾಮುಂಡೇಶ್ವರಿ ದೇವಸ್ಥಾನವಿದೆ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಹೋಟೆಲ್ ರೂಮಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಸರ್ಕಾರಿ ಶಾಲೆ ಮಕ್ಕಳಿಗೆ ಕರ್ನಾಟಕ ದರ್ಶನ ಪ್ರವಾಸವಿದೆ. ದೂರದ ಹಳ್ಳಿಯ ಮಗುವೊಂದು ಅರಮನೆ ನೋಡಿ ಬೆರಗಾಗುವುದು ನನಗೂ ಸಂತೋಷವೇ. ಇದ್ಯಾವುದೂ ಬೇಡ ಎನ್ನುತ್ತಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ನೆರವು ಬೆಂಗಳೂರು–ಮೈಸೂರು ಹೆದ್ದಾರಿ. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆಯಾಯಿತು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಈಗ ಬೆಂಗಳೂರಿನಲ್ಲಿ ತಿಂಡಿ ತಿಂದು ಹೊರಟರೆ ಶ್ರೀರಂಗಪಟ್ಟಣ, ಮೃಗಾಲಯ, ಸಂಜೆ ಏಳಕ್ಕೆ ಅರಮನೆ ದೀಪ ನೋಡಿಕೊಂಡು ರಾತ್ರಿ ಮನೆ ಸೇರಬಹುದು. ಅದಕ್ಕೆ ಎಲ್ಲಕ್ಕಿಂತ ಸಲೀಸು ಸ್ವಂತ ಕಾರು, ಅಲ್ವಾ?

ಚೀನಾದಲ್ಲಿ 2012ರಲ್ಲಿ ರಾಷ್ಟ್ರೀಯ ದಿನದ ರಜೆಗೆ ಸಣ್ಣ ಕಾರುಗಳಿಗೆ ಹೆದ್ದಾರಿ ಟೋಲ್ ಮನ್ನಾ ಮಾಡಿದರು. ಜನ ಸುತ್ತಾಡಲಿ ಅಂತ. ಸಂಶೋಧಕರು ಲೆಕ್ಕ ಹಾಕಿ ನೋಡಿದಾಗ ನಗರಗಳ ವಾಯುಮಾಲಿನ್ಯ ಸುಮಾರು ಶೇ. 20ರಷ್ಟು ಏರಿತ್ತು. ಕಣ್ಣಿಗೆ ಕಾಣುವ ದೂರ ಒಂದು ಕಿಲೋಮೀಟರ್ ತಗ್ಗಿತ್ತು. ನಮ್ಮಲ್ಲಿ ಟೋಲ್ ಇದೆ. ಆದರೂ ನೆರವು ಕಾರಿನ ದಾರಿಗೇ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಇನ್ನೊಂದು ಬಗೆಯ ನೆರವೂ ನಮ್ಮಲ್ಲೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಬೆಟ್ಟಕ್ಕೆ, ಮೇಲುಕೋಟೆಗೆ, ನಂಜನಗೂಡಿಗೆ ಹೊರಟರು. ಇದೂ ಪ್ರವಾಸವೇ ತಾನೆ? ಐವತ್ತು ಜನರ ಒಂದು ಬಸ್ಸು ಹತ್ತು ಹನ್ನೆರಡು ಕಾರುಗಳನ್ನು ರಸ್ತೆಯಿಂದ ತಪ್ಪಿಸುತ್ತದೆ. ಬೆಂಗಳೂರಿನ ರೈಲು ಮಾರ್ಗವೂ ಜೋಡಿಹಳಿಯಾಗಿದೆ, ಕರೆಂಟಿನ ಮೇಲೆ ಓಡುತ್ತಿದೆ. ಸ್ಟೇಷನ್ನಿನಲ್ಲಿ ಇಳಿದವರಿಗೆ ಮೃಗಾಲಯ, ಅರಮನೆ, ಬೆಟ್ಟ ಸುತ್ತಿಸುವ ಬಸ್ಸು ಐದೈದು ನಿಮಿಷಕ್ಕೆ ಇದ್ದರೆ ಯಾರು ಕಾರು ತರುತ್ತಾರೆ?

ಮೈಸೂರಿನ ಗಾಳಿ ಚೆನ್ನಾಗಿದೆ ಬಿಡಿ ಎನ್ನುವವರಿದ್ದಾರೆ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿರುವ, ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಮೈಸೂರು ಇಲ್ಲ. ಆದರೆ ಸಣ್ಣ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 5. ಮೊಬೈಲಿನಲ್ಲಿ ನಾವು ನೋಡುವ ಅಂಕಿ ಮೈಸೂರಿನ ಹೆಬ್ಬಾಳದಲ್ಲಿ ಗಾಳಿ ಅಳೆಯುವ ಕೇಂದ್ರದ್ದು. ಅದು ಊರಿನ ಆ ಕಡೆ. ಅಮ್ಮ ಉಸಿರಾಡುವುದು ಮೃಗಾಲಯದ ಪಕ್ಕದ ಗಾಳಿ.

ದಾರಿ ನಮಗೆ ಆಗಲೇ ಗೊತ್ತಿದೆ. ಆಷಾಢ ಶುಕ್ರವಾರಗಳಂದು ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಗಾಡಿ ನಿಲ್ಲಿಸಿ ಸಾರಿಗೆ ಬಸ್ಸು ಹತ್ತಬೇಕು. ಅಷ್ಟು ದೊಡ್ಡ ಜಾತ್ರೆಯಂಥ ಜನವೇ ಹಾಗೆ ದರ್ಶನ ಮಾಡಿ ಬರುತ್ತದೆ. ಅದನ್ನೇ ಪ್ರತಿ ಶನಿವಾರ, ಭಾನುವಾರ ಯಾಕೆ ಮಾಡಬಾರದು?

ಸಂಜೆ ಇದನ್ನೇ ಪಕ್ಕದ ಮನೆ ಅಕ್ಕನ ಹತ್ತಿರ ಅಂದೆ. ಅವರು ಮೃಗಾಲಯದ ಹತ್ತಿರ ಚುರುಮುರಿ ಗಾಡಿ ಇಟ್ಟಿದ್ದಾರೆ. ವ್ಯಾಪಾರಕ್ಕೆ ಪೆಟ್ಟು ಬೀಳುತ್ತೆ ಅಂತ ಬೈತಾರೇನೋ ಅಂದುಕೊಂಡಿದ್ದೆ.

"ಕಾರಲ್ಲಿ ಬರೋರು ಗೇಟ್ ಮುಂದೆ ಇಳಿದು ಒಳಗೆ ಹೋಗ್ಬಿಡ್ತಾರೆ ಕಣಮ್ಮ. ಬಸ್ಸಲ್ಲಿ ಬಂದೋರೇ ನಡ್ಕೊಂಡ್ ಬಂದು ನನ್ ಹತ್ರ ನಿಲ್ಲೋದು" ಅಂದರು.

ಜಿಲ್ಲಾಡಳಿತಕ್ಕೆ ಒಂದು ಮನವಿ ಬರೆಯಲು ಕೂತಿದ್ದೇನೆ. ಕೇಳುವುದು ಮೂರೇ: ರಜೆ ದಿನಗಳಲ್ಲಿ ಬೆಟ್ಟಕ್ಕೆ ಆಷಾಢದ ನಿಯಮ, ರಿಂಗ್ ರಸ್ತೆಯ ಬಳಿ ಪಾರ್ಕಿಂಗ್ ಮಾಡಿ ಅಲ್ಲಿಂದ ಬಸ್ಸು, ಮೃಗಾಲಯದ ಹತ್ತಿರ ಗಾಳಿ ಅಳೆಯುವ ಒಂದು ಯಂತ್ರ. ಇಟ್ಟಿಗೆಗೂಡು, ನಜರ್‌ಬಾದ್ ಕಡೆಯವರು ಸಹಿ ಹಾಕುವುದಾದರೆ ತಿಳಿಸಿ. ಅಕ್ಕನ ಸಹಿ ಆಗಲೇ ಆಗಿದೆ.