ದೇವಿಮನೆ ಘಟ್ಟ ಇಳಿಯುವವರು ಮುಂದಿನ ಚಕ್ರದ ಒಳಮೈ ನೋಡಿಕೊಳ್ಳಿ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಯಾಣದ ಕಡೆಗೆ ತಿರುಗಿ, ಅಚವೆಯ ಮೇಲೆ ಅಂಕೋಲಾ ಮುಟ್ಟಿ ಕಾರವಾರಕ್ಕೆ ಹೋಗಬೇಕೆಂದಿರುವ ಫೋರ್ ವೀಲ್ ಡ್ರೈವ್ ಗಾಡಿಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾಣದ ಬಂಡೆಗಳ ವರ್ಣನೆ ಬೇಕಾದಷ್ಟು ಕಡೆ ಸಿಗುತ್ತದೆ. ಮುಂದಿನ ಎಕ್ಸೆಲ್ಲಿನ ಬಳಿ ಎಣ್ಣೆ ಕಂಡಾಗ ಅದು ಎಲ್ಲಿಂದ ಬಂತೆಂದು ತಿಳಿಯದವರ ಕಿಸೆ ಹೇಗೆ ಖಾಲಿಯಾಗುತ್ತದೆ ಎಂಬುದನ್ನು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ.

ನಮ್ಮದು ಮುಂದಿನ ಚಕ್ರಗಳೆರಡಕ್ಕೂ ಪ್ರತ್ಯೇಕ ಸಸ್ಪೆನ್ಷನ್ ಇರುವ ಪಿಕಪ್. ಇಂಥ ಗಾಡಿಗಳಲ್ಲಿ ಡಿಫರೆನ್ಷಿಯಲ್‌ನಿಂದ (ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರಿನ ಡಬ್ಬಿ) ಚಕ್ರಕ್ಕೆ ಹೋಗುವ ಷಾಫ್ಟಿನ ಎರಡೂ ತುದಿಗೆ ಬಾಗಿಯೂ ತಿರುಗಬಲ್ಲ ಒಂದೊಂದು ಜಾಯಿಂಟ್, ಅದರ ಮೇಲೆ ಗ್ರೀಸ್ ತುಂಬಿದ ರಬ್ಬರ್ ಬೂಟ್ ಇರುತ್ತದೆ. ನಾವು ಹೋದಾಗ ಘಟ್ಟದ ರಸ್ತೆಯ ಅಗಲೀಕರಣ ವರ್ಷಗಳಿಂದ ಎಳೆದಾಡುತ್ತಿತ್ತು; ಜಲ್ಲಿ ಮತ್ತು ಕೆಂಪು ರಾಡಿಯ ನಡುವೆ ಸ್ಟೀರಿಂಗ್ ಪೂರ್ತಿ ತಿರುಗಿಸುತ್ತ ಇಳಿಯುವಾಗ ಹಳೆಯ ಬೂಟಿನ ಮಡಿಕೆಗಳಲ್ಲಿ ಮೊದಲೇ ಇದ್ದ ಬಿರುಕು ಬಾಯಿ ಬಿಡುತ್ತದೆ. ಅಂಕೋಲಾ ಸಮೀಪ ಚಹಾಕ್ಕೆಂದು ನಿಂತಾಗ, ಎಡ ಮುಂದಿನ ರಿಮ್ಮಿನ ಒಳಗೆ ಸುತ್ತಲೂ ಕಪ್ಪು ಗ್ರೀಸ್ ಎರಚಿದ್ದನ್ನು ಭಾವ ಮೊದಲು ಕಂಡರು.

ಹೆದ್ದಾರಿ ಪಕ್ಕದ ಗ್ಯಾರೇಜೊಂದರಲ್ಲಿ ನಮಗಾದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿಯ ಹುಡುಗರು ಅಡಿಗೆ ಬಗ್ಗಿ ನೋಡುವ ಮೊದಲೇ ಪ್ರೆಷರ್ ಪೈಪಿನಿಂದ ಗಾಡಿಯ ಕೆಳಭಾಗವನ್ನೆಲ್ಲ ತೊಳೆದರು. ಅನಂತರ ಎಲ್ಲ ಕಡೆಯೂ ನೀರೂ ಎಣ್ಣೆಯೂ ಕೂಡಿ ತೊಟ್ಟಿಕ್ಕುತ್ತಿದ್ದುದನ್ನು ತೋರಿಸಿ, "ಎಕ್ಸೆಲ್ಲೇ ಹೋಗಿದೆ ಸರ್, ಎರಡೂ ಕಡೆ ಪೂರ್ತಿ ಬದಲಿಸಬೇಕು" ಎಂದು 38,000 ರೂಪಾಯಿಯ ಅಂದಾಜು ಬರೆದುಕೊಟ್ಟರು. ತೊಳೆದ ಮೇಲೆ ಸಾಕ್ಷಿ ಎಲ್ಲಿಂದ ಬರಬೇಕು? ಎಣ್ಣೆ ಎಲ್ಲಿ ಹುಟ್ಟಿ ಯಾವ ದಿಕ್ಕಿಗೆ ಹಾರಿದೆ ಎಂಬ ಗುರುತೇ ರೋಗಪತ್ತೆಯ ಅರ್ಧ ಕೆಲಸ. ಅವರ ತೊಳೆಯುವ ಕೂಲಿಯನ್ನು ಕೊಟ್ಟು ಹೊರಟೆವು.

ಗುರುತು ಹಿಡಿಯುವುದು ಕಷ್ಟವಲ್ಲ. ಬೂಟ್ ಹರಿದಿದ್ದರೆ ಗಟ್ಟಿ ಗ್ರೀಸ್ ರಿಮ್ಮಿನ ಒಳಗೂ ಸಸ್ಪೆನ್ಷನ್ ಆರ್ಮಿನ ಮೇಲೂ ಎರಚಿಕೊಂಡಿರುತ್ತದೆ. ಅದು ಸಾಮಾನ್ಯವಾಗಿ ನೆಲಕ್ಕೆ ತೊಟ್ಟಿಕ್ಕುವುದಿಲ್ಲ. ಡಿಫರೆನ್ಷಿಯಲ್ಲಿನ ಪಕ್ಕದ ಆಯಿಲ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಹೋಗಿದ್ದರೆ ಷಾಫ್ಟ್ ಒಳಸೇರುವ ಜಾಗದಲ್ಲಿ ತೆಳು ಗೇರ್ ಆಯಿಲ್ ಇಳಿದು, ಗಂಧಕದ ಕೊಳೆತ ವಾಸನೆ ಮೂಗಿಗೆ ಹೊಡೆಯುತ್ತದೆ. ಟೈರಿನ ಒಳಮೈಯಲ್ಲಿ ಗಂಧಕದ ವಾಸನೆಯಿಲ್ಲದ, ತೆಳ್ಳಗೆ ಜಾರುವ ದ್ರವ ಕಂಡು, ಬಾನೆಟ್ಟಿನ ಕೆಳಗಿನ ಬ್ರೇಕ್ ಡಬ್ಬಿಯ ಮಟ್ಟವೂ ಇಳಿದಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. ಆ ಸ್ಥಿತಿಯಲ್ಲಿ ಘಟ್ಟ ಇಳಿಯುವುದು ಸಲ್ಲದು. ಎಂಜಿನ್ ಆಯಿಲ್ ಗಾಳಿಗೆ ಹಿಂದಕ್ಕೆ ಹರಿದು ಎಕ್ಸೆಲ್ಲಿನ ಮೇಲೆ ಕೂರುವುದೂ ಉಂಟು. ಅನುಮಾನವಿದ್ದರೆ ಬಟ್ಟೆಯಿಂದ ಒರೆಸಿ, ಟಾಲ್ಕಂ ಪೌಡರ್ ಉದುರಿಸಿ, ಹತ್ತು ಕಿ.ಮೀ. ಓಡಿಸಿ ನೋಡಿದರೆ ಮೊದಲು ಒದ್ದೆಯಾದ ಜಾಗವೇ ಮೂಲ.

ಕಾರವಾರದಲ್ಲಿ ಕಡಲಿಗೆ ಹತ್ತಿರವೆಂದು 3,800 ರೂಪಾಯಿ ಕಿತ್ತುಕೊಂಡ ಕೋಣೆಯಲ್ಲಿ ಫ್ಯಾನು ತಿರುಗಿದ್ದಕ್ಕಿಂತ ಕಿರುಗುಟ್ಟಿದ್ದೇ ಹೆಚ್ಚು. ಅದರ ಬಗ್ಗೆ ಹೇಳಬಹುದಾದ ಒಂದೇ ಒಳ್ಳೆಯ ಮಾತು ಸಮತಟ್ಟಾದ ಸಿಮೆಂಟಿನ ಅಂಗಳ: ರಾತ್ರಿ ಗಾಡಿಯಡಿ ರಟ್ಟು ಹಾಸಿ, ಬೆಳಿಗ್ಗೆ ಬಿದ್ದ ಹನಿಗಳ ಜಾಗ ನೋಡಲು ಅದು ಅನುಕೂಲವಾಯಿತು.

ಸರಿಯಾದ ಮೆಕ್ಯಾನಿಕ್ ಸಿಕ್ಕಿದ್ದು ಬಸ್ ನಿಲ್ದಾಣದ ಸಮೀಪದ ಖಾನಾವಳಿಯಲ್ಲಿ. ನಾಲ್ಕೇ ಮೇಜು, ಗೋಡೆಗೆ ಬಣ್ಣವಿಲ್ಲ. ಆದರೆ ಬಿಸಿ ಉಕ್ಕಡ ಅಕ್ಕಿಯ ಅನ್ನ, ಬಂಗಡೆಯ ಸಾರು, ತೆಂಗಿನತುರಿಯಲ್ಲಿ ಹುರಿದ ತಿಸ್ರೆಯ (ಚಿಪ್ಪುಮೀನಿನ) ಸುಕ್ಕೆ, ಕೊನೆಗೆ ಬೆಳ್ಳುಳ್ಳಿಯ ಘಾಟಿರುವ ಸೋಲ್ ಕಡಿ, ಇಷ್ಟಕ್ಕೆ 130 ರೂಪಾಯಿ. ಬೇಡವೆಂದರೂ ಅನ್ನ ಬಡಿಸುತ್ತಿದ್ದ ಅಕ್ಕನೇ, ನಮ್ಮ ಮಾತು ಕೇಳಿಸಿಕೊಂಡು, ದಿನವೂ ಅಲ್ಲಿ ಉಣ್ಣುವ ವಯಸ್ಸಾದ ಮಿಸ್ತ್ರಿಯೊಬ್ಬರನ್ನು ತೋರಿಸಿದರು. ಅವರು ಹೇಳಿದ ಮೊದಲ ಮಾತು: "ತೊಳೆದು ತರಬೇಡಿ, ಹಾಗೇ ತನ್ನಿ." ಬಿಡಿಭಾಗ ಬರುವವರೆಗೂ ನಾವು ಅಲ್ಲೇ ಉಂಡೆವು. ಗೋಕರ್ಣದ ನೂಕುನುಗ್ಗಲು ನನಗೆ ಮೊದಲೇ ಒಗ್ಗದು, ಅದು ತಪ್ಪಿದ್ದಕ್ಕೆ ಬೇಸರವಾಗಲಿಲ್ಲ.

ಮಿಸ್ತ್ರಿಯವರು ಖಾಲಿ ಮೈದಾನದಲ್ಲಿ, ಟೂ ವೀಲ್ ಡ್ರೈವ್‌ನಲ್ಲಿಟ್ಟು, ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿಸಿದರು. ಹೊರಗಿನ ಜಾಯಿಂಟ್ ಸವೆದಿದ್ದರೆ ಆಗ ಟಕಟಕ ಸದ್ದು ಬರುತ್ತದೆ. ಸದ್ದಿರಲಿಲ್ಲ, ಆದ್ದರಿಂದ ಷಾಫ್ಟ್ ಉಳಿಸಿಕೊಂಡು, ಜಾಯಿಂಟ್ ಬಿಚ್ಚಿ ಮಣ್ಣು ತೊಳೆದು, ಮಾಲಿಬ್ಡಿನಮ್ ಇರುವ ಜಾಯಿಂಟ್ ಗ್ರೀಸ್ ತುಂಬಿ ಹೊಸ ಬೂಟ್ ಹಾಕಿದರೆ ಸಾಕಾಯಿತು. ಬಲಗಡೆಯ ಡಿಫರೆನ್ಷಿಯಲ್ ಸೀಲಿನ ಸುತ್ತ ಎಣ್ಣೆ ಬೆವರಿದ್ದಕ್ಕೆ ಕಾರಣ ಬೇರೆಯೇ ಇತ್ತು. ಡಿಫರೆನ್ಷಿಯಲ್ ಹೌಸಿಂಗಿನ ಬ್ರೀದರ್ (ಒಳಗಿನ ಗಾಳಿ ಹೋಗಿಬರುವ ಸಣ್ಣ ಕಿಂಡಿ) ಕೆಂಪು ಮಣ್ಣಿನಿಂದ ಮುಚ್ಚಿಹೋಗಿ, ಬಿಸಿಯಾದ ಗಾಳಿಗೆ ದಾರಿಯಿಲ್ಲದೆ ಅದು ಸೀಲಿನ ಮೂಲಕ ಎಣ್ಣೆಯನ್ನು ಹೊರದೂಡುತ್ತಿತ್ತು. ಬ್ರೀದರ್ ಸ್ವಚ್ಛ ಮಾಡಿದ ಮೇಲೆ ಬೆವರುವುದು ನಿಂತಿತು.

ಯಾಣಕ್ಕೆ ಹತ್ತಿರದ ವಿಭೂತಿ ಜಲಪಾತದ ಕಡೆ ಹಳ್ಳ ದಾಟುವವರು ಇದನ್ನೇ ತಿರುಗಿಸಿ ಯೋಚಿಸಬೇಕು: ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅಥವಾ ಸೀಲಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಬದಲಿಸಲೇಬೇಕು. ಬದಲಿಸುವಾಗ ತುಂಬುವ ಬೋಲ್ಟನ್ನು ಮೊದಲು ಬಿಚ್ಚಿಸಿ, ಅದು ತುಕ್ಕು ಹಿಡಿದು ಬರದಿದ್ದರೆ ಖಾಲಿ ಮಾಡಿದ ಗಾಡಿ ಅಲ್ಲೇ ಕೂರುತ್ತದೆ. ಜಿಪ್ಸಿ, ಜಿಮ್ನಿಯಂಥ ಇಡೀ ಎಕ್ಸೆಲ್ಲಿನ (ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಕವಚ ಜೋಡಿಸುವ) ಗಾಡಿಯವರು ಬೂಟನ್ನು ಹುಡುಕುವ ಬದಲು ಚಕ್ರದ ಹಿಂದಿನ ಗುಂಡು ನಕಲ್ (ಸ್ಟೀರಿಂಗ್‌ಗೆ ತಕ್ಕಂತೆ ಚಕ್ರ ತಿರುಗುವ ಕೀಲಿನ ಕವಚ) ನೋಡಲಿ. ಅಲ್ಲಿ ಗ್ರೀಸಿನೊಂದಿಗೆ ಗೇರ್ ಆಯಿಲ್ ಬೆರೆತು ಸೋರುತ್ತಿದ್ದರೆ ಒಳಗಿನ ಎಕ್ಸೆಲ್ ಸೀಲ್ ಹೋಗಿದೆ ಎಂದರ್ಥ.

ಫೋರ್ ವೀಲ್ ಹಾಕದೆ ಓಡಿಸಿದರೆ ಹರಿದ ಬೂಟಿಗೆ ತೊಂದರೆಯಿಲ್ಲ ಎಂಬ ಮಾತನ್ನು ನಂಬಬೇಡಿ. ಫ್ರೀ ವೀಲ್ ಹಬ್ (ಬೇಡದಾಗ ಚಕ್ರವನ್ನು ಷಾಫ್ಟಿನಿಂದ ಬಿಡಿಸುವ ಸಾಧನ) ಇಲ್ಲದ ಗಾಡಿಯಲ್ಲಿ ಚಕ್ರದೊಂದಿಗೆ ಹೊರಗಿನ ಜಾಯಿಂಟ್ ತಿರುಗುತ್ತಲೇ ಇರುತ್ತದೆ, ರಾಡಿ ಒಳಸೇರುತ್ತಲೇ ಇರುತ್ತದೆ. ನಮಗೆ ಬೂಟಿನ ಕಿಟ್ ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ಬರಬೇಕಾಯಿತು. ಒಳಗಿನ ಮತ್ತು ಹೊರಗಿನ ಬೂಟಿನ ಅಳತೆ ಬೇರೆಯಾದ್ದರಿಂದ, ಎರಡನ್ನೂ ಕ್ಲಾಂಪ್ ಸಮೇತ ಶಿರಸಿ ಬಿಡುವ ಮುನ್ನವೇ ಗಾಡಿಯಲ್ಲಿಟ್ಟುಕೊಳ್ಳಿ.