ಆತಕೂರಿನ ನಾಯಿ ಮತ್ತು ಒಂಬತ್ತನೇ ಕ್ಲಾಸಿನ ಹಳಗನ್ನಡ

ಹಳಗನ್ನಡದ ಪದ್ಯ ಬಂದ ಕೂಡಲೇ ಮಕ್ಕಳ ಕೈ ಗೈಡಿಗೆ ಹೋಗುತ್ತದೆ. ಸಾರಾಂಶ ಬಾಯಿಪಾಠ ಮಾಡಿ, ಪ್ರಸ್ತಾರ ಹಾಕಿ ಗಣ ವಿಂಗಡಿಸಿದರೆ ಅಂಕ ಬಂತು. ಪದ್ಯವನ್ನು ಒಂದು ಸಲವೂ ಬಾಯಿತುಂಬ ಓದದೆ ವರ್ಷ ಮುಗಿಯುತ್ತದೆ. ಕನ್ನಡ ಮೇಷ್ಟ್ರಾಗಿ ನನಗೆ ಇದು ಬಹಳ ಸಂಕಟದ ವಿಷಯ.

ಅದಕ್ಕೇ ಪದ್ಯಕ್ಕೂ ಮೊದಲು ನಾನೊಂದು ಕಲ್ಲಿನ ಕಥೆ ಹೇಳುತ್ತೇನೆ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಅದು, ಸುಮಾರು 950ನೇ ಇಸವಿಯದು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧವಾದಾಗ ಗಂಗರ ರಾಜ ಬೂತುಗನ ಕಡೆ ಮಣಲೆರ ಎಂಬ ವೀರ ಚೆನ್ನಾಗಿ ಕಾದಿದ. ಮೆಚ್ಚಿದ ರಾಜ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. 'ಪಂದಿಯುಂ ನಾಯುಮೊಡಸತ್ತುವು' ಎನ್ನುತ್ತದೆ ಶಾಸನ.

ಈ ಸಾಲನ್ನು ಬೋರ್ಡಿನ ಮೇಲೆ ಬರೆದು ಸುಮ್ನೆ ನಿಲ್ಲುತ್ತೇನೆ. ಹಳಗನ್ನಡದ ಎಷ್ಟೋ ಪಕಾರ ನಮ್ಮ ಬಾಯಲ್ಲಿ ಹಕಾರ ಆಗಿದೆ ಅಂತ ಮಾತ್ರ ಮೊದಲೇ ಹೇಳಿರುತ್ತೇನೆ. ಸ್ವಲ್ಪ ಹೊತ್ತಿಗೆ ಯಾರಾದರೂ, 'ಸಾರ್, ಹಂದಿನೂ ನಾಯಿನೂ ಒಟ್ಟಿಗೇ ಸತ್ತೋದ್ವು' ಅಂತ ಕೂಗುತ್ತಾರೆ. ಅಷ್ಟೇ, ಕ್ಲಾಸ್ ಕೈಗೆ ಬಂದ ಹಾಗೆ. ಕಬ್ಬಿನ ಗದ್ದೆಗೆ ಹಂದಿ ನುಗ್ಗುವುದನ್ನು ನೋಡಿದ ಮಕ್ಕಳು ಇವರು. ಯಾರ ಮನೆ ನಾಯಿಗೆ ಎಲ್ಲಿ ಗಾಯ ಆಗಿತ್ತು ಅಂತೆಲ್ಲ ಹೇಳಿಬಿಡುತ್ತಾರೆ. ನಾಯಿಗೆ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆ ಅಂತ ಬರೆಸಿದ್ದನ್ನು ಓದುವಾಗ ಹಿಂದಿನ ಬೆಂಚೂ ಕಿವಿಗೊಡುತ್ತದೆ.

ಪಂಪನ ಕಾಲವೂ ಇದೇ. ಈ ಸಾಲು ಬಿಡಿಸಿದವರಿಗೆ ಅವನ ಕಂದಪದ್ಯ ಆಮೇಲೆ ಅಷ್ಟು ದೂರ ಅನಿಸುವುದಿಲ್ಲ. ಸಂಧಿ ಬಿಡಿಸಿ ಓದಿಕೊಟ್ಟರೆ ಅರ್ಧ ಅರ್ಥ ತಾನಾಗಿ ಹೊಳೆಯುತ್ತದೆ.

1886ರಿಂದ ಶಾಸನತಜ್ಞ ಬಿ. ಎಲ್. ರೈಸ್ ಹಳೆ ಮೈಸೂರು ಮತ್ತು ಕೊಡಗಿನ ಸಾವಿರಾರು ಶಾಸನಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಮಾಡಿಸಿದರು. ಕೆರೆ ಕಟ್ಟಿಸಿದವರು, ತುರು, ಅಂದರೆ ದನ, ಕಾಯಲು ಹೋಗಿ ಸತ್ತವರು ಎಲ್ಲ ಅಲ್ಲಿದ್ದಾರೆ. ನಮ್ಮೂರುಗಳ ದಾಖಲೆ ಅದು. ಅದನ್ನು ಓದುವವರು ನಮ್ಮ ಶಾಲೆಗಳಿಂದ ಬರದೆ ಇನ್ನೆಲ್ಲಿಂದ ಬರಬೇಕು? 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿದ್ದೂ ಇಂಥ ಬರಹಗಳ ಬಲದಿಂದಲೇ ಅಲ್ವಾ?

ಸಂಸ್ಕೃತದ ಪಾಡೂ ಬೇರೆಯಲ್ಲ. ಅಂಕ ಜಾಸ್ತಿ ಬರುತ್ತೆ ಅಂತ ತೆಗೆದುಕೊಂಡು, ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ಬರುವ ಮಕ್ಕಳು ಎಷ್ಟೋ. ಅಷ್ಟು ದೊಡ್ಡ ಭಾಷೆಯ ಒಂದು ಶ್ಲೋಕವೂ ಬಾಯಲ್ಲಿ ಉಳಿಯುವುದಿಲ್ಲ.

ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನನ್ನದೊಂದು ಕೋರಿಕೆ. ಪಠ್ಯದಲ್ಲಿಲ್ಲದ ಹಳಗನ್ನಡದ ನಾಲ್ಕು ಸಾಲು ಕೊಡಿ, ಕಷ್ಟದ ಪದಗಳ ಅರ್ಥವನ್ನು ಕೆಳಗೇ ಕೊಡಿ, ತಿಳಿದದ್ದನ್ನು ಸ್ವಂತ ಮಾತಿನಲ್ಲಿ ಬರೆಯಲು ಹೇಳಿ. ಐದು ಅಂಕ ಇಟ್ಟರೂ ಸಾಕು, ಓದಿಸುವುದನ್ನು ನಾವು ಮೇಷ್ಟ್ರುಗಳು ನೋಡಿಕೊಳ್ಳುತ್ತೇವೆ.